ಮೂರನೇ ಕೆಂಪು ಚುಕ್ಕೆ

ಮುಳ್ಳುರಾಯರಿಗೆ ಆ ಅಡ್ಡಹೆಸರು ಇಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಇಟ್ಟವರು ಒಂದು ಸಲವಾದರೂ ಅವರನ್ನು ಮನೆಗೆ ಕರೆದು ಅನುಭವಿಸಿದವರೇ ಇರಬೇಕು. ಗಡಿಯಾರ ರಿಪೇರಿ ಮಾಡುವ ಈ ಮನುಷ್ಯ ಯಾರ ಮನೆಗೇ ಹೋಗಲಿ, ಮನೆಯವರ ಮುಖ ನೋಡುವ ಮೊದಲು ಗೋಡೆ ನೋಡುತ್ತಿದ್ದರು. ಅಲ್ಲಿಯ ಗಡಿಯಾರ ಎರಡು ನಿಮಿಷ ಹಿಂದೋ ಮುಂದೋ ಇದ್ದರೆ ಮುಗಿಯಿತು. "ಒಂದ್ನಿಮಿಷ" ಎನ್ನುತ್ತಾ ಕುರ್ಚಿ ಎಳೆದುಕೊಂಡು ಹತ್ತಿ, ಮುಳ್ಳು ತಿದ್ದಿ, ಕೈ ಒರೆಸಿಕೊಂಡು ಇಳಿದ ಮೇಲೆಯೇ ಕ್ಷೇಮಸಮಾಚಾರ. ಮದುವೆಮನೆ, ಸಾವಿನ ಮನೆ ಎಂಬ ಭೇದವಿರಲಿಲ್ಲ. "ನಮ್ಮ ಮದುವೆ ಮಾತಿಗೆ ಬಂದ ದಿನ ಇವರು ನನ್ನನ್ನ ನೋಡ್ಲೇ ಇಲ್ಲ," ಎಂದು ಅವರ ಹೆಂಡತಿ ಇವತ್ತಿಗೂ ಹೇಳುತ್ತಾರೆ. "ನಮ್ಮಪ್ಪನ ಟೈಂಪೀಸ್ ನೋಡಿ ಒಪ್ಕೊಂಡು ಹೋದ್ರು."

ಅವರ ಕಸುಬಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಗಿರಾಕಿ ಬಂದು "ಮುಂದೆ ಓಡ್ತಿದೆ" ಎಂದರೆ ಸಾಕು, ಎಷ್ಟು ಮುಂದೆ ಎಂದು ಅವರು ಕೇಳುತ್ತಿರಲಿಲ್ಲ. ಬಿಚ್ಚುವುದು, ತೊಳೆಯುವುದು, ಎಣ್ಣೆ ಬಿಡುವುದು, ಸರಿಯಾದ ಓಟಕ್ಕೆ ತರುವುದು. ಹಳೆಯ ಓಟ ಎಷ್ಟಿತ್ತೆಂದು ಮೊದಲೇ ಬರೆದಿಟ್ಟುಕೊಳ್ಳಬಾರದೇ ಎಂದು ಯಾರೋ ಒಮ್ಮೆ ಕೇಳಿದ್ದಕ್ಕೆ, "ಮೈಮೇಲೆ ಕೊಳೆ ಎಷ್ಟಿದೆ ಅಂತ ತೂಕ ಹಾಕಿ ಸ್ನಾನಕ್ಕೆ ಹೋಗ್ತೀರಾ?" ಎಂದು ಬಾಯಿ ಮುಚ್ಚಿಸಿದ್ದರು. ಮೂವತ್ತೆರಡು ವರ್ಷ ಈ ಪದ್ಧತಿ ಅವರ ಕೈ ಬಿಟ್ಟಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಠಕಠಕ ಟೀಚರ್ ಹೇಳಿ ಕಳಿಸಿದರು. ನಲವತ್ತು ವರ್ಷ ಟೈಪಿಂಗ್ ಶಾಲೆ ನಡೆಸಿದ ಈ ಮಹಿಳೆಗೆ ಎಂಬತ್ತು ದಾಟಿತ್ತು, ಶಾಲೆ ಮುಚ್ಚಿ ಹತ್ತು ವರ್ಷವಾಗಿತ್ತು. ಊರಿನ ಅರ್ಧ ಕಚೇರಿಗಳಲ್ಲಿ ಇವತ್ತಿಗೂ ಅವರ ಕೈಕೆಳಗೆ ಕಲಿತ ಬೆರಳುಗಳೇ ಓಡುತ್ತಿವೆ. ಮುಳ್ಳುರಾಯರ ಹೆಂಡತಿಯ ಹತ್ತು ಬೆರಳೂ ಅವುಗಳಲ್ಲಿ ಸೇರಿವೆ. ವಕೀಲರ ಕಚೇರಿಯಲ್ಲಿ ಆಕೆಯನ್ನು ಮಿಂಚುಬೆರಳು ಎಂದು ಕರೆಯುತ್ತಾರೆ, ಆಕೆ ಬೇಡವೆನ್ನುವುದಿಲ್ಲ.

ಮೆಟ್ಟಿಲು ಹತ್ತಿ ಹೋದರೆ ಶಾಲೆಯ ಕೋಣೆ ಇದ್ದ ಹಾಗೇ ಇತ್ತು. ಯಂತ್ರಗಳು ಮಾತ್ರ ಇರಲಿಲ್ಲ. ಉದ್ದನೆಯ ಮೇಜುಗಳ ಮೇಲೆ ಅವು ಕುಳಿತಿದ್ದ ಜಾಗದಲ್ಲಿ ಹನ್ನೆರಡು ಚೌಕಗಳು ಮರದ ಹಳೆಯ ಬಣ್ಣವನ್ನು ಉಳಿಸಿಕೊಂಡಿದ್ದವು. ಎದುರು ಗೋಡೆಯಲ್ಲಿ ಕಪ್ಪು ಹಲಗೆ, ಅದರ ಮೇಲೆ ಗಡಿಯಾರ. ಗಡಿಯಾರ ಮುಂದಿತ್ತು.

"ಕೂತ್ಕೋ ಅಂದ್ರೆ ನೀನು ಕೂರಲ್ಲ, ಗೊತ್ತು," ಎಂದರು ಟೀಚರ್. ಅಷ್ಟರಲ್ಲಿ ಮುಳ್ಳುರಾಯರು ಸ್ಟೂಲಿನ ಮೇಲಿದ್ದರು. ಮುಳ್ಳು ಹಿಂದಕ್ಕೆ ತಂದು ಇಳಿದರು.

"ಆಯ್ತಾ ನಿನ್ನ ಪೂಜೆ? ಈಗ ಇದನ್ನ ನೋಡು."

ಮೇಜಿನ ಮೇಲೆ ಒಂದು ಕರಿಯ ಪೆಟ್ಟಿಗೆ. ಪ್ರಯಾಣಕ್ಕೆ ಒಯ್ಯುವ ಸೂಟ್‌ಕೇಸಿನ ಹಾಗೆ ಹಿಡಿ, ನಾಲ್ಕು ಮೂಲೆಗೆ ನಿಕ್ಕಲ್ ತಗಡು. ಟೀಚರ್ ಕೊಂಡಿ ತೆಗೆದು ಮುಚ್ಚಳ ಎತ್ತಿದರು. ಒಳಗೆ ಹಸಿರು ಬಟ್ಟೆ ಹೊದಿಸಿದ ತಟ್ಟೆ, ಅದರ ಪಕ್ಕದಲ್ಲಿ ಮೊಣಕೈ ಮಡಿಸಿ ಮಲಗಿದ ತೋಳು, ತೋಳಿನ ತುದಿಗೆ ಗಡಿಯಾರದ ಮುಖದಂತೆ ದುಂಡಗಿನ ಸೌಂಡ್‌ಬಾಕ್ಸು. ಮುಚ್ಚಳದ ಹೊಟ್ಟೆಯಲ್ಲಿ ಕೀಲಿ ಕೊಡುವ ಹಿಡಿಕೆ ಸಿಕ್ಕಿಸಿತ್ತು. ಹಳೆಯ ಕಾಲದ ಗ್ರಾಮಫೋನು. ಮುಳ್ಳುರಾಯರು ಜೀವಮಾನದಲ್ಲಿ ಸಾವಿರಾರು ಸ್ಪ್ರಿಂಗು ಬಿಚ್ಚಿದ್ದರು. ಅವೆಲ್ಲ ಟಿಕ್ ಎನ್ನುತ್ತಿದ್ದವು, ಇಲ್ಲವೇ ಗಂಟೆ ಬಾರಿಸುತ್ತಿದ್ದವು. ಹಾಡುವ ಸ್ಪ್ರಿಂಗನ್ನು ಅವರು ಮುಟ್ಟಿ ನೋಡಿರಲಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. ಹಾಗೆ ಕಟ್ಟಿಕೊಳ್ಳುವುದು ಬಲು ಆಸೆಯಾದಾಗ ಮಾತ್ರ.

"ಕಂಡೆ ಕಂಡೆ," ಎಂದರು ಟೀಚರ್. "ನಿಂಗೆ ಬೇಕು ಇದು."

"ಇಲ್ಲ ಮೇಡಂ, ಸುಮ್ನೆ..."

"ಸುಳ್ಳು ಆಮೇಲೆ ಹೇಳು. ಮೊನ್ನೆ ಹಳೇ ಸಾಮಾನಿನವನು ಬಂದಿದ್ದ. ಕಂಪನಿಯ ಬಿಲ್ಲೆ ಬಿದ್ದುಹೋಗಿದೆ ಅಂದ, ಬೆಲೆ ಇಳಿಸಿದ. ಈ ಕೆಂಪು ಚುಕ್ಕೆ ನೋಡಿ ಮುಖ ಸಿಂಡರಿಸಿದ, ಇನ್ನೊಂಚೂರು ಇಳಿಸಿದ. ಪ್ಲೇಟ್ ಹಾಕಿ ಕೇಳಿ, ಓಟ ಜಾಸ್ತಿ ಅಂತ ಮತ್ತೆ ಇಳಿಸಿದ. ಎಂಟು ಸಾವಿರಕ್ಕೆ ಬಂದು ನಿಂತ. ಇನ್ನೊಂದು ಘಳಿಗೆ ಕೂರಿಸಿದ್ರೆ ನಾನೇ ಅವನಿಗೆ ದುಡ್ಡು ಕೊಟ್ಟು ಕಳಿಸ್ಬೇಕಾಗ್ತಿತ್ತು."

"ಮಾರೋದು ಯಾಕೆ ಮೇಡಂ?"

"ತಂಗಿ ಮನೆಗೆ ಹೋಗ್ತಿದೀನಿ. ಅಲ್ಲಿ ಕೀಲಿ ಕೊಡದೇ ಮಾತಾಡೋರು ಐದು ಜನ ಇದಾರೆ. ಇದಕ್ಕೆ ಜಾಗ ಇಲ್ಲ." ಟೀಚರ್ ಮುಚ್ಚಳ ಹಾಕಿ ಪೆಟ್ಟಿಗೆಯನ್ನು ಅವರತ್ತ ತಳ್ಳಿದರು. "ತಗೊಂಡೋಗಿ ನೋಡು. ಗುರುವಾರ ಬಂದು ನಿಜವಾದ ಬೆಲೆ ಹೇಳು. ನೀನು ಹೇಳಿದ ಬೆಲೆಗೆ ಮೊದಲು ನಿನ್ನನ್ನೇ ಕೇಳ್ತೀನಿ, ತಗೊಳ್ತೀಯಾ ಅಂತ. ಬೇಡ ಅಂದ್ರೆ ಅವನಿಗೆ. ಅವನನ್ನೂ ಗುರುವಾರವೇ ಬಾ ಅಂದಿದೀನಿ."

ಮುಳ್ಳುರಾಯರು ಪೆಟ್ಟಿಗೆಯನ್ನು ನೋಡಿದರು, ಟೀಚರನ್ನು ನೋಡಿದರು. ಬೆಲೆ ಕಡಿಮೆ ಹೇಳಿದರೆ ಕಳ್ಳ, ಜಾಸ್ತಿ ಹೇಳಿದರೆ ಪೆಟ್ಟಿಗೆ ಇಲ್ಲ. ಎಂಬತ್ತು ದಾಟಿದ ಮೇಲೂ ಟೀಚರಿಗೆ ಪರೀಕ್ಷೆ ಇಡುವ ಚಟ ಬಿಟ್ಟಿರಲಿಲ್ಲ.

"ಇನ್ನೊಂದು. ನಿನ್ನ ಹೆಂಡತಿಗೆ ಈಗಲೇ ಹೇಳ್ಬೇಡ. ಅವಳು ಅತ್ತುಬಿಟ್ರೆ ಬೆಲೆ ಕೆಡುತ್ತೆ."

ಮುಳ್ಳುರಾಯರ ಅಂಗಡಿ ಎಂದರೆ ಮನೆಯ ಮುಂಗೋಣೆಯೇ. ಆ ಮಧ್ಯಾಹ್ನ ಬಾಗಿಲು ಅರ್ಧ ಎಳೆದುಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಪೆಟ್ಟಿಗೆಯ ಮುಂದೆ ಕುಳಿತರು. ಬೆಲೆ ಕಟ್ಟುವುದೆಂದರೆ ಅವರ ಲೆಕ್ಕದಲ್ಲಿ ಪ್ರಶ್ನೆ ಕೇಳುವುದು. ಹೊದಿಕೆ ಮೊದಲಿನದೋ, ಆಮೇಲೆ ಅಂಟಿಸಿದ್ದೋ? ಮೊದಲಿನದೇ, ಮೂಲೆಯಲ್ಲಿ ಸವೆದು ನೂಲು ಕಾಣುತ್ತಿತ್ತು. ಸೌಂಡ್‌ಬಾಕ್ಸಿನ ಅಭ್ರಕದ ಹಾಳೆ ಒಡೆದಿದೆಯೋ? ಇಲ್ಲ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಇಡಿಯಾಗಿತ್ತು. ಸ್ಪ್ರಿಂಗ್ ತುಂಡಾಗಿ ಬೆಸೆದದ್ದೋ? ಹಿಡಿಕೆ ತಿರುಗಿಸಿ ಒಳಗಿನ ಸದ್ದಿಗೆ ಕಿವಿಗೊಟ್ಟರು, ನುಣ್ಣಗೆ ಸುತ್ತಿಕೊಂಡಿತು. ಬಿಲ್ಲೆ ಇದ್ದ ಕಡೆ ಎರಡು ಮೊಳೆಯ ತೂತು ಮಾತ್ರ. ಅದು ನಿಜಕ್ಕೂ ನಷ್ಟವೇ.

ಉಳಿದದ್ದು ಕೆಂಪು ಚುಕ್ಕೆ. ತಟ್ಟೆಯ ಪಕ್ಕದಲ್ಲಿ ಓಟ ಹೆಚ್ಚುಕಡಿಮೆ ಮಾಡುವ ಪುಟ್ಟ ಸೂಚಿಯೊಂದಿತ್ತು. ಅದರ ಕೆಳಗೆ ಅರ್ಧಚಂದ್ರದಂಥ ತಗಡು, ತಗಡಿನ ಮೇಲೆ ಅಂಕಿಗಳು, ಅಂಕಿಗಳ ಅಂಚಿನಲ್ಲಿ ಮೂರು ಚುಕ್ಕೆ. ಮೂರನೆಯದು ಸರಿಯಾಗಿ ಎಪ್ಪತ್ತೆಂಟರ ಮೇಲೆ. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಎಂದರೆ ಆ ಕಾಲದ ಪ್ಲೇಟುಗಳ ಸರಿಯಾದ ಓಟ, ಅಷ್ಟು ಅವರಿಗೂ ಗೊತ್ತಿತ್ತು. ಆದರೆ ಬಣ್ಣ? ಭೂತಗನ್ನಡಿಯಲ್ಲಿ ನೋಡಿದರು. ಗೋಡೆಗೆ ಬಳಿಯುವ ಬಣ್ಣವಲ್ಲ, ಅರಗಲ್ಲ. ಉಗುರಿಗೆ ಹಚ್ಚುವ ಬಣ್ಣ! ಠಕಠಕ ಟೀಚರ್ ಉಗುರಿಗೆ ಬಣ್ಣ ಹಚ್ಚಿದ್ದನ್ನು ಕಂಡವರಿಲ್ಲ. ಹಚ್ಚಿದವರನ್ನು ಅವರು ನೋಡುತ್ತಿದ್ದ ನೋಟವನ್ನು ಕಂಡವರು ಊರ ತುಂಬ ಇದ್ದಾರೆ. ಹಾಗಾದರೆ ಯಾರದು? ಯಾಕೆ ಮೂರು?

ಉತ್ತರ ಹೊಳೆಯದೆ, ಹೊಳೆಯದಿದ್ದಾಗ ಮಾಡುವುದನ್ನೇ ಮಾಡಿದರು. ಸ್ಕ್ರೂ ಡ್ರೈವರ್ ತೆಗೆದುಕೊಂಡು ಪೆಟ್ಟಿಗೆ ಬಿಚ್ಚಿದರು. ಒಳಗಿನದು ನೋಡಿ ಅವರಿಗೆ ಹಳೆಯ ಗೆಳೆಯ ಹೊಸ ಅಂಗಿ ಹಾಕಿಕೊಂಡು ಎದುರಾದಂತಾಯಿತು. ಅದೇ ಸ್ಪ್ರಿಂಗಿನ ಡಬ್ಬಿ, ಅದೇ ಹಲ್ಲುಚಕ್ರ. ಓಟ ಕಾಯುವುದಕ್ಕೆ ಮಾತ್ರ ಮೂರು ಸೀಸದ ಗುಂಡುಗಳು ಬುಗುರಿಯಂತೆ ಸುತ್ತುತ್ತಿದ್ದವು. ಗುಂಡುಗಳ ಪಕ್ಕದ ನುಣುಪು ಚಕ್ರಕ್ಕೆ ಒಂದು ಚರ್ಮದ ತುಂಡು ಒತ್ತಿಕೊಂಡಿತ್ತು. ಹೆಚ್ಚು ಒತ್ತಿದರೆ ನಿಧಾನ, ಸಡಿಲಿಸಿದರೆ ಜೋರು. ಆ ಚರ್ಮಕ್ಕೂ ಮೇಲಿನ ಸೂಚಿಗೂ ನಡುವಿನ ಸ್ಕ್ರೂ ತನ್ನ ಜಾಗದಿಂದ ಒಂದಿಷ್ಟು ಜರುಗಿತ್ತು. ಅದರ ತಲೆಯ ಮೇಲೆ ಅದೇ ಕೆಂಪು ಬಣ್ಣದ ಒಂದು ಹನಿ.

"ಯಾವನೋ ಕೈಲಾಗದವನ ಕೆಲಸ," ಎಂದು ಗೊಣಗಿಕೊಂಡರು. ಹನಿ ಕೆರೆದರು, ಸ್ಕ್ರೂ ಸಡಿಲಿಸಿದರು, ಎಲ್ಲ ತೊಳೆದು ಎಣ್ಣೆ ಬಿಟ್ಟು ಜೋಡಿಸಿದರು. ಮುಚ್ಚಳದ ಅರೆಯಲ್ಲಿದ್ದ ಒಂದೇ ಪ್ಲೇಟು, ಬ್ಯಾಂಡಿನವರ ನಡಿಗೆಯ ವಾದ್ಯ, ಅದನ್ನು ಏರಿಸಿ, ಅಂಚಿಗೆ ಕಾಗದದ ಚೂರು ಸಿಕ್ಕಿಸಿ, ಕೈಗಡಿಯಾರ ಹಿಡಿದು ಸುತ್ತು ಎಣಿಸಿದರು. ಸ್ಕ್ರೂ ಒಂದು ಕೂದಲಿನಷ್ಟು ಆಚೆ, ಅರ್ಧ ಕೂದಲಿನಷ್ಟು ಈಚೆ. ಆರನೇ ಸಲಕ್ಕೆ ಸೂಚಿ ಮೂರನೇ ಚುಕ್ಕೆಯಲ್ಲಿದ್ದಾಗ ತಟ್ಟೆ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿತು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಈಗ ಬೆಲೆಯೂ ತಾನಾಗಿ ಮೂಡಿತು. ಓಟ ಕೆಟ್ಟ ಪೆಟ್ಟಿಗೆಗೆ ಎಂಟು ಸಾವಿರ ಅನ್ಯಾಯವಲ್ಲ. ಓಟ ಸರಿಯಿದ್ದದ್ದಕ್ಕೆ, ಬಿಲ್ಲೆ ಇಲ್ಲದಿದ್ದರೂ, ಹನ್ನೆರಡು. ಪುಟ್ಟ ಲೇತ್ ಯಂತ್ರ ಕೊಳ್ಳಲು ಅವರು ತೆಗೆದಿಟ್ಟದ್ದೂ ಹನ್ನೆರಡೇ. ಲೇತು ಮುಂದಿನ ವರ್ಷ ಬಂದರಾಯಿತು. ಮನಸ್ಸು ಹಗುರಾಗಿ ಅವರು ಪ್ಲೇಟನ್ನು ಇನ್ನೊಂದು ಸಲ ಹಾಕಿದರು.

ಆರು ಗಂಟೆಗೆ ಹೆಂಡತಿ ಕಚೇರಿಯಿಂದ ಬಂದವರು ಹೊಸ್ತಿಲ ಮೇಲೆ ನಿಂತರು. ಪ್ಲೇಟು ಹಾಡುತ್ತಲೇ ಇತ್ತು, ಹೆಗಲ ಚೀಲ ಹೆಗಲಲ್ಲೇ ಇತ್ತು.

"ರೀ. ಇದು ಮೇಡಂ ಪೆಟ್ಟಿಗೆ."

"ಹೇಳ್ಬೇಡ ಅಂದಿದ್ರು," ಎಂದರು ಮುಳ್ಳುರಾಯರು.

ಆಕೆಗೆ ಅದು ಕೇಳಿಸಲಿಲ್ಲ. ಬಂದು ಮೇಜಿನೆದುರು ಕುಳಿತು, ಗಡಿಯಾರಗಳ ನಡುವೆ ಜಾಗ ಮಾಡಿ, ಹತ್ತು ಬೆರಳನ್ನೂ ಬರಿಯ ಮರದ ಮೇಲೆ ಇಟ್ಟರು. ಎಡಗೈ ಕಿರುಬೆರಳಿನಿಂದ ಶುರುವಾಯಿತು. ಮರದ ಮೇಲೆ ಮಳೆ ಬಿದ್ದಂತೆ ಸದ್ದು. ಒಂದು ಸಾಲು ಮುಗಿಯುವ ಹೊತ್ತಿಗೆ ಎಡಗೈ ಎದ್ದು, ಗಾಳಿಯಲ್ಲಿ ಇಲ್ಲದ ಹಿಡಿಕೆಯೊಂದನ್ನು ಪಕ್ಕಕ್ಕೆ ತಳ್ಳಿ ವಾಪಸ್ಸಾಯಿತು. ಅದಾದ ಮೇಲೆ, ಹೌದು, ಅದಾದ ಮೇಲೆ ಪೆಟ್ಟಿಗೆಯೊಳಗೆ ತುತ್ತೂರಿ ಮೊಳಗಿತು.

ಆಕೆ ಹುಬ್ಬು ಗಂಟಿಕ್ಕಿದರು. "ತಪ್ಪಾಗಿದೆ. ತುತ್ತೂರಿ ಬಂದಾಗ ಕೈ ಕ್ಯಾರೇಜ್ ತಳ್ತಿರ್ಬೇಕು. ಇದು ನಿಧಾನ ಕಣ್ರೀ, ಅಳುತ್ತಿದೆ."

"ಎಪ್ಪತ್ತೆಂಟು! ಎಣಿಸಿದೀನಿ. ಮೊದಲು ಜೋರು ಓಡ್ತಿತ್ತು, ನಾನೇ ಸರಿ ಮಾಡಿದೆ."

"ಜೋರು ಓಡ್ತಿತ್ತಾ? ಮೂರನೇ ಚುಕ್ಕೇಲಾ?"

ಆಗ ಚುಕ್ಕೆಯ ಕತೆ ಹೊರಬಿತ್ತು. ಮೊದಲ ಚುಕ್ಕೆ ಹೊಸಬರಿಗೆ, ಬೆರಳು ಕೂರಿಸುವುದಕ್ಕೆ. ಎರಡನೆಯದು ಆರು ತಿಂಗಳಾದವರಿಗೆ. ಮೂರನೆಯದು ಪರೀಕ್ಷೆಗೆ ಹೋಗುವವರಿಗೆ. ಬ್ಯಾಂಡಿನ ತಾಳಕ್ಕೆ ಹನ್ನೆರಡು ಜನ ಒಟ್ಟಿಗೆ ಟೈಪು ಮಾಡಬೇಕು. ತಾಳ ತಪ್ಪಿದವರ ಗೆಣ್ಣಿಗೆ ಟೀಚರಿನ ಅಡಿಪಟ್ಟಿ. ಮೂರನೇ ಚುಕ್ಕೆಗೆ ತಾಳ ಹಿಡಿದರೆ ನಿಮಿಷಕ್ಕೆ ನಲವತ್ತು ಪದ, ಪರೀಕ್ಷೆಗೆ ಬೇಕಾದಷ್ಟೇ, ಎಂದು ಟೀಚರ್ ಹೇಳುತ್ತಿದ್ದರು.

ಮುಳ್ಳುರಾಯರು ಕಸದ ತಟ್ಟೆಯತ್ತ ನೋಡಿದರು. ಅಲ್ಲಿ ಅವರು ಕೆರೆದು ಹಾಕಿದ ಕೆಂಪು ಹುಡಿ ಇತ್ತು. ಅವರ ಕಸುಬಿನಲ್ಲಿ, ಸರಿಯಾದ ಜಾಗದಲ್ಲಿ ನಿಲ್ಲಿಸಿದ ಸ್ಕ್ರೂ ಅಲುಗದಿರಲೆಂದು ತಲೆಗೆ ಬಣ್ಣದ ಹನಿ ಇಡುವುದುಂಟು. ನೋಡಿ ಇಟ್ಟಿದ್ದೇನೆ, ಮುಟ್ಟಬೇಡ ಎಂದು ಮುಂದೆ ಬರುವವನಿಗೆ ಹೇಳುವ ಮಾತು ಅದು. ಅವರೇ ನೂರಾರು ಸಲ ಇಟ್ಟಿದ್ದಾರೆ. ಅದನ್ನು ಬುದ್ಧಿ ಓದುವ ಮೊದಲೇ ಕೈ ಕೆರೆದಿತ್ತು.

"ಬೇಕಂತಲೇ ಜೋರು ಮಾಡಿದ್ರು ಕಣೇ," ಎಂದರು ಮೆಲ್ಲಗೆ. "ಕೆಟ್ಟಿರ್ಲಿಲ್ಲ."

"ಎಷ್ಟು ಜೋರು?"

ಎಷ್ಟು ಎಂದು ಮುಳ್ಳುರಾಯರು ಎಣಿಸಿರಲಿಲ್ಲ. ಯಾವತ್ತೂ ಎಣಿಸಿದವರಲ್ಲ. ಸ್ಕ್ರೂ ಮೊದಲು ಎಲ್ಲಿತ್ತೆಂದು ಹೇಳುವ ಹನಿ ಹುಡಿಯಾಗಿ ಬಿದ್ದಿತ್ತು. ಗುರುವಾರ ವಾಪಸ್ ಕೊಡಬೇಕಾದ ಪೆಟ್ಟಿಗೆಯಿಂದ ಅವರು ಒಂದು ಸಾಮಾನು ಕಳೆದಿದ್ದರು, ಮತ್ತು ಅದು ಎಷ್ಟು ದೊಡ್ಡದೆಂದೂ ಅವರಿಗೆ ತಿಳಿದಿರಲಿಲ್ಲ.

ಹೆಂಡತಿ ಅಳಲಿಲ್ಲ. ತೋಳು ಮಡಚಿಕೊಂಡರು. "ಬಿಚ್ಚಿ."

"ಏನು?"

"ಬಿಚ್ಚಿ, ಸ್ಕ್ರೂ ಕೈಗೆ ಸಿಗೋ ಹಾಗೆ ಇಡಿ. ನಾನು ಹೊಡೀತೀನಿ, ನೀವು ತಿರುಗಿಸಿ."

ಹಾಗೆ ಶುರುವಾದದ್ದು ಸುಮಾರು ಒಂದು ಗಂಟೆ ನಡೆಯಿತು. ಆಕೆ ಕಣ್ಣು ಮುಚ್ಚಿಕೊಂಡು ಮೇಜಿನ ಮೇಲೆ ಟೈಪು ಮಾಡುವರು, ಇವರು ಪೆಟ್ಟಿಗೆಯ ಮಗ್ಗುಲಿನಿಂದ ಕೈ ತೂರಿಸಿ ಸ್ಕ್ರೂ ತಿರುಗಿಸುವರು. "ಇನ್ನೂ... ಇನ್ನೂ... ಅಯ್ಯೋ, ದಾಟಿದ್ರಿ, ಹಿಂದೆ ಬನ್ನಿ... ಒಂಚೂರು... ಅಷ್ಟೇ. ಕೈ ತೆಗೀರಿ!" ಆಕೆಯ ಎಡಗೈ ಗಾಳಿಗೆ ಎದ್ದ ಕ್ಷಣಕ್ಕೇ ತುತ್ತೂರಿ ಮೊಳಗಿತು. ಮುಳ್ಳುರಾಯರು ಎಣಿಸಿದರು. ಎಂಬತ್ತಾರು.

ಅವರಿಗೆ ನಂಬಿಕೆ ಬರಲಿಲ್ಲ. ಸ್ಕ್ರೂ ಮನಬಂದಂತೆ ತಿರುಗಿಸಿಟ್ಟು ಮತ್ತೆ ಹೊಡೆಯಲು ಹೇಳಿದರು. ಎಂಬತ್ತಾರು. ಮೂರನೇ ಸಲ ಎಂಬತ್ತೇಳು ಬಂತು. "ಮುಚ್ಕೊಂಡಿದ್ದ ಕಣ್ಣಿಗೆ ನಿದ್ದೆ ಹತ್ತಿತ್ತು, ಇನ್ನೊಂದ್ಸಲ," ಎಂದರು ಆಕೆ. ಎಂಬತ್ತಾರು. ಮೂವತ್ತೈದು ವರ್ಷ ಒಂದೇ ಸೂರಿನಡಿ ಇಂಥದೊಂದು ಯಂತ್ರವಿತ್ತು, ಅದಕ್ಕೆ ಎಣ್ಣೆ ಬಿಡುವ ಅಗತ್ಯವೂ ಬಿದ್ದಿರಲಿಲ್ಲ. ತಾವು ಗೋಡೆಗಳನ್ನೇ ನೋಡುತ್ತ ಬಂದೆವಲ್ಲ ಎಂದು ಮುಳ್ಳುರಾಯರಿಗೆ ತುಸು ನಾಚಿಕೆಯಾಯಿತು.

ಆಕೆ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು. "ಪರೀಕ್ಷೆ ದಿನ ಪುಟ ಬೇಗ ಮುಗಿದುಹೋಗಿತ್ತು. ಒಂದು ಸಾಲು ಬಿಟ್ಟಿರ್ಬೇಕು ಅಂತ ಮೂರು ಸಲ ಓದಿದೆ. ಬಿಟ್ಟಿರ್ಲಿಲ್ಲ. ಗಂಟೆ ಹೊಡೆಯೋನಿಗೆ ಮರೆತುಹೋಗಿದೆ ಅಂದ್ಕೊಂಡು ಕಿಟಕಿ ನೋಡ್ತಾ ಕೂತಿದ್ದೆ." ಆಮೇಲೆ ನಕ್ಕರು, ಪೂರ್ತಿ ನಗುವಲ್ಲ. "ದೇವರು ಕೊಟ್ಟ ಕೈ ಅಂತಿದ್ರು ನಮ್ಮಮ್ಮ. ನೋಡಿದ್ರೆ ಒಂದು ಸ್ಕ್ರೂ ಕೊಟ್ಟ ಕೈ!"

"ಸ್ಕ್ರೂ ಓಡಿಸ್ತು, ಸರಿ. ಓಡಿದ್ದು ನೀನಲ್ವಾ?"

"ಸಮಾಧಾನ ಆಮೇಲೆ ಮಾಡಿ. ಬೆಲೆ ಎಷ್ಟು ಹೇಳ್ತೀರಿ?"

ಮುಳ್ಳುರಾಯರಿಗೆ ಲೆಕ್ಕ ಕೂಡದಿದ್ದದ್ದೂ ಅದೇ. ಎಪ್ಪತ್ತೆಂಟಕ್ಕೆ ಬಿಟ್ಟರೆ ಹನ್ನೆರಡು ಸಾವಿರದ ಪೆಟ್ಟಿಗೆ, ಆದರೆ ಅದು ಟೀಚರಿನದಲ್ಲ. ಎಂಬತ್ತಾರಕ್ಕೆ ಇಟ್ಟರೆ ಟೀಚರಿನದು, ಆದರೆ ಪೇಟೆಯಲ್ಲಿ ಎಂಟೇ ಸಾವಿರ. ತಪ್ಪನ್ನು ತನ್ನ ಕೈಯಾರೆ ವಾಪಸ್ ಇಟ್ಟು ಬೆಲೆ ಇಳಿಸಿ, ಇಳಿದ ಬೆಲೆಗೆ ತಾನೇ ಕೊಂಡರೆ? ಹಳೇ ಸಾಮಾನಿನವನೂ ಕೂತು ಪಾಠ ಹೇಳಿಸಿಕೊಳ್ಳಬೇಕಾದ ವ್ಯಾಪಾರ ಅದು.

"ನಡೆದದ್ದು ಹೇಳೋಣ," ಎಂದರು ಹೆಂಡತಿ. "ನಾನೂ ಬರ್ತೀನಿ. ಮೇಡಂನ ನಂಗೂ ಒಂದು ಕೇಳೋದಿದೆ."

ಬುಧವಾರ ಸಂಜೆ ಇಬ್ಬರೂ ಉಗುರುಬಣ್ಣ ಕೊಳ್ಳಲು ಹೋದರು. ಅಂಗಡಿಯವಳು ತಂದಿಟ್ಟ ಒಂಬತ್ತು ಕೆಂಪುಗಳಲ್ಲಿ ಎಂಟನ್ನು ಆಕೆ ಬೇಡವೆಂದರು. "ಯಾವ ಸೀರೆಗೆ ಅಮ್ಮಾ?" ಎಂದು ಅಂಗಡಿಯವಳು ಕೇಳಿದಳು. "ಸ್ಕ್ರೂಗೆ," ಎಂದರು ಮುಳ್ಳುರಾಯರು. ಅಂಗಡಿಯವಳು ಒಂಬತ್ತನೆಯದನ್ನು ಪೊಟ್ಟಣ ಕಟ್ಟಿದಳು.

ಗುರುವಾರ ಅವರು ಮೆಟ್ಟಿಲು ಹತ್ತಿದಾಗ ಹಳೇ ಸಾಮಾನಿನವನು ಇನ್ನೂ ಬಂದಿರಲಿಲ್ಲ. ಟೀಚರ್ ಹಳೆಯ ಶಿಷ್ಯೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಹೇಳ್ಬಿಟ್ನಾ?" ಎಂದರು. ಮುಳ್ಳುರಾಯರು ಕುಳಿತುಕೊಳ್ಳದೆ, ಗೋಡೆ ನೋಡದೆ, ಹುಡಿಯಾದ ಹನಿಯಿಂದ ಹಿಡಿದು ಹೊಸ ಹನಿಯವರೆಗೆ ಒಂದನ್ನೂ ಬಿಡದೆ ಒಪ್ಪಿಸಿದರು. ಟೀಚರ್ ಕೇಳುತ್ತಾ ಕೇಳುತ್ತಾ ಅಡಿಪಟ್ಟಿಗಾಗಿ ಎಂಬಂತೆ ಮೇಜಿನ ಮೇಲೆ ಕೈಯಾಡಿಸಿದರು. ಸಿಗಲಿಲ್ಲ.

"ಎಷ್ಟಕ್ಕೆ ಇಟ್ಟೆ?"

"ಎಂಬತ್ತಾರು. ನನಗೆ ಗೊತ್ತಿರ್ಲಿಲ್ಲ. ಇವಳ ಬೆರಳು ಹೇಳ್ತು."

ಟೀಚರ್ ಕೈ ಚಾಚಿದರು. ಮಿಂಚುಬೆರಳು ತಮ್ಮ ಕೈಯನ್ನು ಅದರಲ್ಲಿಟ್ಟರು. ಟೀಚರ್ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ಮುಳ್ಳುರಾಯರು ಪೆಟ್ಟಿಗೆಯ ಮೂಲೆಗಳನ್ನು ನೋಡಿದ ಹಾಗೆಯೇ.

"ಮೊದಲನೇ ಬ್ಯಾಚಲ್ಲಿ ಹನ್ನೊಂದು ಜನ ಪರೀಕ್ಷೆಗೆ ಹೋದ್ರು," ಎಂದರು. "ಒಂಬತ್ತು ಜನ ಫೇಲು. ಇಲ್ಲಿ ಚೆನ್ನಾಗಿ ಹೊಡೀತಿದ್ದೋರೇ. ಅಲ್ಲಿ ಹೋಗಿ ನೋಡಿದೆ, ಪರೀಕ್ಷೆ ಕೋಣೆಯ ಮಷೀನುಗಳು ಕಲ್ಲು. ಬೆರಳು ಒಳಗೆ ಹೋಗೋದು, ಅಕ್ಷರ ಮೇಲೆ ಬರ್ತಿರ್ಲಿಲ್ಲ. ಎಂಥವರಾದ್ರೂ ಹತ್ತರಲ್ಲಿ ಒಂದು ಪಾಲು ನಿಧಾನ ಆಗ್ಲೇಬೇಕು. ಇನ್ನೂ ಜೋರು ಹೊಡೀರಿ ಅಂತ ಹೇಳಿ ನೋಡ್ದೆ. ಹೆದರಿ ಇನ್ನೂ ನಿಧಾನ ಆದ್ರು. ಅದಕ್ಕೇ ಹೇಳೋದು ಬಿಟ್ಟು ಸ್ಕ್ರೂ ತಿರುಗಿಸ್ದೆ."

"ಮೂವತ್ತೈದು ವರ್ಷ ನಂಗೆ ಹೇಳ್ಲಿಲ್ವಲ್ಲ ಮೇಡಂ. ನನ್ನ ಕೈಯೇ ಹಾಗೆ ಅಂದ್ಕೊಂಡಿದ್ದೆ."

"ಹೇಳಿದ್ರೆ ನಿಧಾನ ಆಗ್ಬಿಡ್ತಿದ್ದೆ. ನಿನ್ನ ಕಾಲಕ್ಕೆ ಪರೀಕ್ಷೆಗೆ ಹೊಸ ಮಷೀನು ಬಂದಿತ್ತು, ನಾನು ಸ್ಕ್ರೂ ಮುಟ್ಲಿಲ್ಲ. ಮತ್ತೆ ನಿನ್ನ ಕೈಯೇ ಅಲ್ದೆ ಯಾರ ಕ್ಯಾರೇಜಿನ ಸದ್ದಮ್ಮಾ ಅದು? ಹನ್ನೆರಡು ಜನರಲ್ಲಿ ತುತ್ತೂರಿಗೆ ಸರಿಯಾಗಿ ಕೇಳಿಸ್ತಿದ್ದದ್ದು ಎರಡೇ." ಟೀಚರ್ ಕೈ ಬಿಟ್ಟರು. "ಇನ್ನೊಂದು ಯಾರದು ಅಂತ ಕೇಳ್ಬೇಡ. ಹೊಟ್ಟೆಕಿಚ್ಚು ಪಡ್ತೀಯ."

ಮುಳ್ಳುರಾಯರಿಗೆ ತಡೆಯಲಾಗಲಿಲ್ಲ. "ಬಣ್ಣ ಯಾರದು ಮೇಡಂ?"

"ಅದೇ ಮೊದಲನೇ ಬ್ಯಾಚಿನ ಒಬ್ಬಳದು. ಕ್ಲಾಸಲ್ಲೇ ಕೂತು ಉಗುರಿಗೆ ಹಚ್ಕೊಳ್ತಿದ್ಲು. ಬಾಟ್ಲಿ ಕಿತ್ತಿಟ್ಕೊಂಡೆ. ಪಾಸಾದ ದಿನ ಕೊಡ್ತೀನಿ ಅಂದೆ." ಟೀಚರ್ ಒಂದು ಚೌಕದ ಮೇಲೆ ಬೆರಳಾಡಿಸಿದರು, ಕಿಟಕಿಯ ಪಕ್ಕದ್ದು. "ಒಂಬತ್ತರಲ್ಲಿ ಅವಳೂ ಒಬ್ಬಳು. ಕೇಳೋಕೆ ಬರ್ಲೇ ಇಲ್ಲ."

ಅಷ್ಟರಲ್ಲಿ ಹಳೇ ಸಾಮಾನಿನವನು ಮೇಲುಸಿರು ಬಿಡುತ್ತಾ ಬಂದ. ಈ ಸಲ ಕಾಗದದ ಚೂರಿನ ಸಮೇತ ಬಂದಿದ್ದ. ಪ್ಲೇಟು ಹಾಕಿ, ತುಟಿ ಕುಣಿಸುತ್ತಾ ಎಣಿಸಿ, ಗೆದ್ದವನಂತೆ ತಲೆ ಎತ್ತಿದ. "ಎಂಬತ್ತಾರು! ಹೇಳಿರ್ಲಿಲ್ವಾ ಅಮ್ಮಾ? ಎಂಟಕ್ಕೇ ನನ್ನ ಮಾತು. ಅದೂ ನೀವು ಅಂತ."

"ನಿನ್ನ ಬೆಲೆ ಹೇಳು," ಎಂದರು ಟೀಚರ್, ಮುಳ್ಳುರಾಯರಿಗೆ.

ಮುಳ್ಳುರಾಯರು ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಇದ್ದ ಹಾಗೆ ಪೇಟೆಗೆ ಹೋದ್ರೆ ಇವರು ಹೇಳಿದ್ದೇ ಸರಿ, ಎಂಟು. ಓಟ ತಿದ್ದಿ ಹೋದ್ರೆ ಹನ್ನೆರಡು. ತಿದ್ದೋದು ಹತ್ತು ನಿಮಿಷದ ಕೆಲಸ, ನಾನೇ ಮಾಡಿ ನೋಡಿದೀನಿ. ಹತ್ತು ನಿಮಿಷಕ್ಕೆ ನಿಮ್ಮ ನಾಲ್ಕು ಸಾವಿರ ನುಂಗೋಕೆ ನನ್ನ ಕೈಲಾಗಲ್ಲ. ನನ್ನ ಬೆಲೆ ಹನ್ನೆರಡು."

"ಹತ್ತು ನಿಮಿಷನಾ?" ಹಳೇ ಸಾಮಾನಿನವನ ಮುಖ ಅರಳಿತು. "ಹಾಗಾದ್ರೆ ತಿದ್ದಿಕೊಡಿ ರಾಯರೇ, ಹನ್ನೆರಡಕ್ಕೆ ನಾನೇ ಒಯ್ತೀನಿ."

"ಮೊದಲು ಅವನನ್ನ ಕೇಳ್ಬೇಕು ಅಂತ ಮಾತಾಗಿದೆ," ಎಂದರು ಟೀಚರ್. "ತಗೊಳ್ತೀಯಾ?"

"ತಗೊಳ್ತೀನಿ."

"ತಿದ್ಕೊಂಡಾ?"

"ಇಲ್ಲ. ಹೀಗೇ."

ಹಳೇ ಸಾಮಾನಿನವನು ಕಾಗದದ ಚೂರನ್ನು ಜೇಬಿಗೆ ಹಾಕಿಕೊಂಡು ಅವರನ್ನು ಒಮ್ಮೆ ಪೂರ್ತಿ ನೋಡಿದ. "ತಪ್ಪಿಗೆ ಅಂತ ನಾಲ್ಕು ಸಾವಿರ ಜಾಸ್ತಿ ಕೊಟ್ಟೋರನ್ನ ಇದೇ ಮೊದಲು ನೋಡ್ತಿರೋದು."

"ನಾನೂ ಅಷ್ಟೇ ಕಣಪ್ಪಾ," ಎಂದರು ಮಿಂಚುಬೆರಳು. "ಅದೂ ಇವರನ್ನ!"

ಅವನು ಇಳಿದುಹೋದ ಮೇಲೆ ಮುಳ್ಳುರಾಯರು ಜೇಬಿಗೆ ಕೈ ಹಾಕಿದರು. ಟೀಚರ್ ತಡೆದರು.

"ದುಡ್ಡು ಆಮೇಲೆ. ಮೊದಲು ಆ ಸ್ಟೂಲ್ ಎಳ್ಕೋ. ಸೋಮವಾರ ಮುಳ್ಳು ತಿರುಗಿಸಿ ಹೋದ್ಯಲ್ಲ, ಅವತ್ತಿಂದ ನಂಗೆ ಬಸ್ಸು ಸಿಗ್ತಿಲ್ಲ. ನಿನ್ನೆ ಕಣ್ಣಿನ ಡಾಕ್ಟ್ರ ಹತ್ರ ಹೋದ್ರೆ ಬಾಗಿಲು ಹಾಕ್ಕೊಂಡು ಹೊರಟಿದ್ರು. ನಲವತ್ತು ವರ್ಷ ಅದು ಮುಂದೆ ಓಡ್ತಿತ್ತು, ನಾನು ಎಲ್ಲಾ ಕಡೆ ಸರಿಯಾಗಿ ಹೋಗ್ತಿದ್ದೆ. ಯಾರು ಹೇಳಿದ್ರು ನಿಂಗೆ ಮುಟ್ಟು ಅಂತ?"

ಮುಳ್ಳುರಾಯರು ಸ್ಟೂಲು ಹತ್ತಿದರು. ಗಾಜಿನ ಬಾಗಿಲು ತೆರೆದು ಉದ್ದ ಮುಳ್ಳಿನ ಮೇಲೆ ಬೆರಳಿಟ್ಟವರು ಅಲ್ಲೇ ನಿಂತರು. ಹೆಂಡತಿ ಕೆಳಗಿನಿಂದ ನೋಡುತ್ತಿದ್ದರು. ಮೂವತ್ತೆರಡು ವರ್ಷದಲ್ಲಿ ಯಾವ ಗಿರಾಕಿಗೂ ಕೇಳದ ಪ್ರಶ್ನೆಯನ್ನು ಅವರು ತಲೆ ತಿರುಗಿಸದೆ, ಗಡಿಯಾರಕ್ಕೇ ಕೇಳುವವರಂತೆ ಕೇಳಿದರು.

"ಎಷ್ಟು ಮುಂದಿತ್ತು ಮೇಡಂ?"

"ಏಳು ನಿಮಿಷ."

ಮುಳ್ಳು ಮುಂದೆ ಹೋಯಿತು. ಮುಳ್ಳುರಾಯರು ಮಣಿಕಟ್ಟಿನ ಗಡಿಯಾರ ನೋಡಿಕೊಂಡರು, ಗೋಡೆ ನೋಡಿದರು, ಮುಳ್ಳನ್ನು ಮತ್ತೆ ಒಂದು ಕೂದಲಿನಷ್ಟು ಹಿಂದಕ್ಕೆ ತಂದರು.

"ಇಳೀರಿ ಸಾಕು," ಎಂದರು ಹೆಂಡತಿ.

"ಇರೇ," ಎಂದರು ಮುಳ್ಳುರಾಯರು. "ಏಳೂಕಾಲು ನಿಮಿಷ ಆಗಿಬಿಟ್ಟಿದೆ."